ದೆಹಲಿಯ ಎರಡು ಬೇಸಿಗೆ ಮತ್ತು ನಿಮ್ಮ ಮನೆಯ ಎಸಿ

ಕರ್ನಾಟಕದಿಂದ ದೆಹಲಿಗೆ ವರ್ಗವಾಗಿ ಬರುವ ಕುಟುಂಬಗಳು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲೇ ಬರುತ್ತವೆ. ಮಕ್ಕಳ ಪರೀಕ್ಷೆ ಮುಗಿಯಬೇಕಲ್ಲ. ಅಂದರೆ ಊರು ಕಾದ ಹಂಚಾಗಿರುವ ಹೊತ್ತಿಗೆ ಸರಿಯಾಗಿ ಇಲ್ಲಿ ಇಳಿಯುತ್ತಾರೆ. ಶಾಲೆ ಸೀಟಿನ ವಿಚಾರ ಬಿಟ್ಟರೆ ಇಲ್ಲಿನ ಕನ್ನಡ ಸಂಘದಲ್ಲಿ ನಮ್ಮನ್ನು ಜಾಸ್ತಿ ಕೇಳುವುದು ಎಸಿ ಬಗ್ಗೆಯೇ. ಎಷ್ಟು ಟನ್ನಿನದು (ಟನ್ ಅಂದರೆ ತಂಪು ಮಾಡುವ ಶಕ್ತಿಯ ಅಳತೆ) ಬೇಕು, ಬಿಲ್ ಎಷ್ಟು ಬರುತ್ತೆ, ರಾತ್ರಿಯೆಲ್ಲ ಹಾಕಿಟ್ಟರೆ ಪರವಾಗಿಲ್ವಾ? ಮೈಸೂರಲ್ಲೋ ಶಿವಮೊಗ್ಗದಲ್ಲೋ ಫ್ಯಾನಿನಲ್ಲೇ ಕಾಲ ಕಳೆದವರಿಗೆ ಇವೆಲ್ಲ ಹೊಸದು.

ಅಂಗಡಿಗೆ ಹೋಗುವ ಮೊದಲು ಒಂದು ವಿಷಯ ತಿಳಿದಿರಲಿ. ದೆಹಲಿಗೆ ಇರುವುದು ಒಂದು ಬೇಸಿಗೆ ಅಲ್ಲ, ಎರಡು. ಏಪ್ರಿಲ್‌ನಿಂದ ಜೂನ್ ಕೊನೆಯವರೆಗಿನದು ಒಣ ಬೇಸಿಗೆ. ಮಧ್ಯಾಹ್ನ ‘ಲೂ’ ಅನ್ನುವ ಬಿಸಿಗಾಳಿ ಬೀಸುತ್ತೆ, ಒಗೆದ ಬಟ್ಟೆ ಅರ್ಧ ಗಂಟೆಯಲ್ಲಿ ಗರಿಗರಿ ಒಣಗುತ್ತೆ. 2024ರ ಮೇ 29ರಂದು ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 46.8 ಡಿಗ್ರಿ ದಾಖಲಾಗಿತ್ತು. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಇನ್ನೊಂದು, ಜಿಗುಟು ಬೇಸಿಗೆ. ಥರ್ಮಾಮೀಟರ್ 35 ಅಂತ ತೋರಿಸುತ್ತೆ, ಆದರೆ ಬೆವರು ಆರುವುದೇ ಇಲ್ಲ. ಮಂಗಳೂರು, ಉಡುಪಿಯವರಿಗೆ ಇದು ಗೊತ್ತಿರುವ ಸೆಕೆ. ಘಟ್ಟದ ಮೇಲಿನವರಿಗೆ ಮಾತ್ರ ಸಾಕಾಗಿ ಹೋಗುತ್ತೆ.

ಒಣ ಬೇಸಿಗೆಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತೆ. ನೀರು ಆವಿಯಾಗುವಾಗ ಗಾಳಿಯ ಬಿಸಿ ಹೀರಿಕೊಳ್ಳುತ್ತೆ, ಅಷ್ಟೇ ಅದರ ಗುಟ್ಟು. ಕಿಟಕಿ ತೆರೆದಿಡಬೇಕು. ಕರೆಂಟು ಎಸಿಗಿಂತ ಬಹಳ ಕಡಿಮೆ. ಮಳೆ ಶುರುವಾದ ಮೇಲೆ ಅದೇ ಕೂಲರ್ ಕೋಣೆಯೊಳಗೆ ಇನ್ನಷ್ಟು ತೇವ ತುಂಬುತ್ತೆ. ಆಗ ಎಸಿ ಬೇಕೇ ಬೇಕು. ಹಾಗಾಗಿ ನಮ್ಮ ಸಲಹೆ ಇಷ್ಟು: ಬಂದ ವರ್ಷವೇ ಎಲ್ಲ ಕೋಣೆಗೂ ಎಸಿ ಹಾಕಿಸಬೇಡಿ. ಎಲ್ಲರೂ ಮಲಗುವ ಒಂದು ಕೋಣೆಗೆ ಒಳ್ಳೆಯ ಎಸಿ, ಹಾಲ್‌ಗೆ ಕೂಲರ್. ಒಂದೇ ಕೋಣೆಯಲ್ಲಿ ಎರಡನ್ನೂ ಒಟ್ಟಿಗೆ ಹಾಕಬೇಡಿ. ಕೂಲರ್ ತುಂಬಿದ ತೇವವನ್ನು ತೆಗೆಯುವುದರಲ್ಲೇ ಎಸಿ ಸುಸ್ತಾಗುತ್ತೆ, ದುಡ್ಡು ನಿಮ್ಮದು. ಕೂಲರ್ ಇಟ್ಟುಕೊಂಡವರು ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ತೊಟ್ಟಿ ಉಜ್ಜಿ ಒಣಗಿಸಲೇಬೇಕು. ಡೆಂಗಿ ಸೊಳ್ಳೆ ಬೆಳೆಯುವುದು ಅಲ್ಲೇ. ಪಾಲಿಕೆಯವರು ಮನೆಮನೆಗೆ ಬಂದು ತೊಟ್ಟಿಗೆ ಟಾರ್ಚ್ ಹಾಕಿ ನೋಡುತ್ತಾರೆ, ಮರಿ ಸಿಕ್ಕರೆ ನೋಟಿಸ್ ಕೊಡುತ್ತಾರೆ.

ಮೊದಲು ಗೋಡೆ ನೋಡಿ, ಆಮೇಲೆ ಎಸಿ

ಬಾಡಿಗೆ ಮನೆ ನೋಡುವಾಗ ಎಲ್ಲರೂ ಬಾಲ್ಕನಿ ನೋಡುತ್ತಾರೆ, ನೀರು ಬರುತ್ತಾ ಕೇಳುತ್ತಾರೆ. ಎಸಿ ಪಾಯಿಂಟ್ ನೋಡುವವರು ಕಡಿಮೆ. ಎಸಿಯಿಂದ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಇಲ್ಲೇ ಶುರುವಾಗುತ್ತವೆ ಅನ್ನುವುದು ನಮ್ಮ ಅನುಭವ. ಎಸಿಗೆ ಅದರದ್ದೇ ಬೇರೆ ಲೈನ್ ಇರಬೇಕು. ಮೀಟರ್ ಬೋರ್ಡಿನಿಂದ ನೇರವಾಗಿ ಬಂದ ವೈರ್, ಅದಕ್ಕೆ ಅದರದ್ದೇ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಕೊನೆಗೆ 16 ಆಂಪ್‌ನ ದೊಡ್ಡ ಸಾಕೆಟ್. ಒಂದೂವರೆ ಟನ್ ಎಸಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿಸುವುದು ವಾಡಿಕೆ. ಹಳೇ ಮನೆಗಳಲ್ಲಿ ಅಲ್ಯೂಮಿನಿಯಂ ವೈರ್ ಇರುತ್ತೆ. ಅಂಥ ಕಡೆ ಹೊಸ ಲೈನ್ ಎಳೆಸಿಕೊಡಿ ಅಂತ ಮಾಲೀಕರನ್ನು ಕರಾರು ಬರೆಯುವ ಮೊದಲೇ ಕೇಳಿ. ಆಮೇಲೆ ಕೇಳಿದರೆ ‘ದೇಖ್ ಲೇಂಗೆ’ (ನೋಡೋಣ) ಅನ್ನುತ್ತಾರೆ, ನೋಡುವುದಿಲ್ಲ. ಸರ್ಕಾರಿ ಕ್ವಾರ್ಟರ್ಸ್ ಸಿಕ್ಕವರು ನಿಮ್ಮ ಕಾಲೊನಿಯ ಸಿಪಿಡಬ್ಲ್ಯುಡಿ (ಕೇಂದ್ರ ಲೋಕೋಪಯೋಗಿ ಇಲಾಖೆ) ಎನ್‌ಕ್ವೈರಿ ಕಚೇರಿಗೆ ಹೋಗಿ ದೂರು ಬರೆಸಿ, ಪಾಯಿಂಟ್ ಪರೀಕ್ಷೆ ಮಾಡಿಸಿಕೊಳ್ಳಿ.

ಎಕ್ಸ್‌ಟೆನ್ಷನ್ ಬೋರ್ಡಿಗೆ ಎಸಿ ಸಿಕ್ಕಿಸಬೇಡಿ. ಒಂದು ರಾತ್ರಿಗೂ ಬೇಡ.

ಎಸಿ ಅರ್ಧ ಗಂಟೆ ಓಡಿದ ಮೇಲೆ ಒಣಗಿದ ಕೈಯಲ್ಲಿ ಪ್ಲಗ್ಗಿನ ಪ್ಲಾಸ್ಟಿಕ್ ಭಾಗ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ಒಳಗೆ ಎಲ್ಲೋ ಸಡಿಲ ಇದೆ. ಸಾಕೆಟ್ಟಿನ ತೂತಿನ ಸುತ್ತ ಕಂದು ಕಲೆ, ಮೀನಿನ ವಾಸನೆ ಥರ ಸುಟ್ಟ ನಾತ, ಎಸಿ ಹಾಕಿದಾಗ ಲೈಟು ಮಿಣುಕುವುದು, ಇವೂ ಅದೇ ಸೂಚನೆ. ಎಂಸಿಬಿ ಇಳಿಸಿ ಎಲೆಕ್ಟ್ರಿಷಿಯನ್ ಕರೆಯಿರಿ. ಎಂಸಿಬಿ ಪದೇಪದೇ ಬೀಳುತ್ತಿದೆ ಅಂತ ದೊಡ್ಡ ಎಂಸಿಬಿ ಹಾಕಿಕೊಡುವ ಎಲೆಕ್ಟ್ರಿಷಿಯನ್ ಇದ್ದಾನೆ ನೋಡಿ, ಅವನನ್ನು ಮನೆಗೆ ಸೇರಿಸಬೇಡಿ. ವೈರಿಗೆ ತಡೆಯದಷ್ಟು ಕರೆಂಟು ಹೋಗುತ್ತಿದೆ ಅಂತ ಎಂಸಿಬಿ ಹೇಳುತ್ತಿರುತ್ತೆ, ಅವನು ಅದರ ಬಾಯಿ ಮುಚ್ಚಿಸುತ್ತಾನೆ.

ವೋಲ್ಟೇಜ್ ಏರಿಳಿತ ಸರಿಪಡಿಸುವ ಸ್ಟೆಬಿಲೈಸರ್ ಬೇಕಾ? ಹಲವು ಹೊಸ ಇನ್ವರ್ಟರ್ ಎಸಿಗಳು (ಬೇಕಾದಷ್ಟೇ ವೇಗದಲ್ಲಿ ಓಡಿ ಕರೆಂಟು ಉಳಿಸುವಂಥವು) ಸ್ಟೆಬಿಲೈಸರ್ ಇಲ್ಲದೆ ಓಡುತ್ತವೆ ಅಂತ ಬರೆದುಕೊಂಡಿರುತ್ತವೆ. ಅದು ಪೆಟ್ಟಿಗೆ ಮೇಲೆ ಬರೆದ ವೋಲ್ಟೇಜಿನ ಮಿತಿಯೊಳಗೆ ಮಾತ್ರ. 2024ರ ಜೂನ್ 19ರಂದು ದೆಹಲಿಯ ವಿದ್ಯುತ್ ಬೇಡಿಕೆ 8,656 ಮೆಗಾವ್ಯಾಟ್‌ಗೆ ಏರಿ ದಾಖಲೆಯಾಯಿತು. ಅಂಥ ದಿನ ಬೀದಿಯ ಎಲ್ಲ ಮನೆಯಲ್ಲೂ ಎಸಿ ಓಡುತ್ತಿರುತ್ತೆ, ಇಕ್ಕಟ್ಟಿನ ಕಾಲೊನಿಗಳಲ್ಲಿ ವೋಲ್ಟೇಜ್ ಕುಸಿಯುತ್ತೆ. ಇನ್ವರ್ಟರ್ ಎಸಿಯ ಪಿಸಿಬಿ (ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್) ಸುಟ್ಟರೆ ಖರ್ಚು ಸಾವಿರಗಟ್ಟಲೆ. ಹಳೇ ಬಡಾವಣೆಯಲ್ಲಿದ್ದರೆ 4 ಕೆವಿಎ ಸ್ಟೆಬಿಲೈಸರ್ ಹಾಕಿಸುವುದೇ ವಾಸಿ.

ಸ್ಪ್ಲಿಟ್ ಎಸಿಯ (ಒಳಗೊಂದು, ಹೊರಗೊಂದು ಘಟಕ ಇರುವ ಎಸಿ) ಹೊರಗಿನ ಘಟಕ ಕೂರಿಸುವಾಗ ಮನೆಯವರೊಬ್ಬರು ಅಲ್ಲೇ ನಿಂತಿರಿ. 2024ರ ಆಗಸ್ಟ್‌ನಲ್ಲಿ ಕರೋಲ್ ಬಾಗ್ ಹತ್ತಿರ ಮೇಲಿನ ಮಹಡಿಯಿಂದ ಎಸಿಯ ಹೊರ ಘಟಕ ಬಿದ್ದು, ಕೆಳಗೆ ಸ್ಕೂಟರ್ ಮೇಲೆ ಕೂತಿದ್ದ ಯುವಕನೊಬ್ಬ ತೀರಿಕೊಂಡ. ತುಕ್ಕು ಹಿಡಿದ ಹಳೇ ಸ್ಟ್ಯಾಂಡಿಗೆ ಹೊಸ ಎಸಿ ಕೂರಿಸಲು ಬಿಡಬೇಡಿ. ಪುಡಿ ಉದುರುವ ಇಟ್ಟಿಗೆ ಗೋಡೆಗೆ ಬೋಲ್ಟ್ ಹೊಡೆಯಲೂ ಬಿಡಬೇಡಿ. ಸಾಧ್ಯವಾದರೆ ಬಾಲ್ಕನಿಯ ನೆಲದ ಮೇಲೇ ಇಡಿಸಿ, ಬಿಸಿಗಾಳಿ ಹೊರಹೋಗಲು ಎದುರಿಗೆ ಜಾಗ ಬಿಡಿಸಿ. ಆದರೆ ಬಾಲ್ಕನಿ ಕಟಕಟೆಯ ಹತ್ತಿರ ಬೇಡ, ಮಕ್ಕಳು ಅದರ ಮೇಲೆ ಹತ್ತುತ್ತಾರೆ. ತಾಮ್ರದ ಪೈಪು ಸಾಮಾನ್ಯವಾಗಿ 3 ಮೀಟರ್ ಎಸಿ ಜೊತೆಗೇ ಬರುತ್ತೆ. ಅದಕ್ಕಿಂತ ಹೆಚ್ಚಾದಷ್ಟಕ್ಕೆ ದುಡ್ಡು, ಅದರ ದರ ಕೆಲಸ ಶುರುವಾಗುವ ಮುಂಚೆ ಕೇಳಿಕೊಳ್ಳಿ. ನೀರಿನ ಪೈಪು ಪಕ್ಕದವರ ಬಾಲ್ಕನಿಗೆ ತೊಟ್ಟಿಕ್ಕದ ಹಾಗೆ ನೋಡಿಕೊಳ್ಳಿ. ದೆಹಲಿಯಲ್ಲಿ ನೆರೆಹೊರೆಯ ಜಗಳ ಶುರುವಾಗುವುದು ಎರಡು ಕಾರಣಕ್ಕೆ: ಪಾರ್ಕಿಂಗ್, ಎಸಿ ನೀರು.

400ರ ಗೆರೆ

ದೆಹಲಿಯಲ್ಲಿ ಮನೆ ಬಳಕೆಗೆ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಸೊನ್ನೆ. 201ರಿಂದ 400ರವರೆಗೆ ಅರ್ಧ ರಿಯಾಯಿತಿ, ಗರಿಷ್ಠ 800 ರೂಪಾಯಿ. 400 ದಾಟಿದರೆ ರಿಯಾಯಿತಿ ಪೂರ್ತಿ ಹೋಯಿತು. ಇದು ತಾನಾಗಿ ಸಿಗುವುದಿಲ್ಲ, ಅರ್ಜಿ ಹಾಕಿರಬೇಕು. ಬಾಡಿಗೆದಾರರಿಗೂ ಅವಕಾಶ ಇದೆ. ಆದರೆ ಮಾಲೀಕರ ಮೀಟರಿಗೇ ಸಬ್‌ಮೀಟರ್ ಹಾಕಿದ್ದರೆ ಎರಡು ಮನೆಯ ಯೂನಿಟ್ ಒಟ್ಟಿಗೆ ಸೇರಿ ಗೆರೆ ದಾಟಿಬಿಡುತ್ತೆ. ಮನೆ ಒಪ್ಪುವ ಮುಂಚೆ ಬೇರೆ ಮೀಟರ್ ಇದೆಯಾ ಕೇಳಿ. ನೊಯ್ಡಾ, ಗುರುಗ್ರಾಮದಲ್ಲಿ ಮನೆ ಮಾಡುವವರಿಗೆ ಈ ದೆಹಲಿ ರಿಯಾಯಿತಿ ಇಲ್ಲ. ಅಲ್ಲಿನ ದೊಡ್ಡ ಸೊಸೈಟಿಗಳಲ್ಲಿ ಕರೆಂಟು ಹೋದಾಗ ಜನರೇಟರ್ ಬರುತ್ತೆ, ಅದರ ಯೂನಿಟ್ ದರ ಬಹಳ ಜಾಸ್ತಿ. ಕರೆಂಟು ಹೋಗಿದ್ದು ಗೊತ್ತೇ ಆಗದೆ ಜನರೇಟರಿನಲ್ಲಿ ಎಸಿ ಓಡಿಸಿ ತಿಂಗಳ ಕೊನೆಗೆ ಬೆಚ್ಚಿಬಿದ್ದವರು ಬೇಕಾದಷ್ಟು ಜನ ಇದ್ದಾರೆ.

ಈಗ ಲೆಕ್ಕ. ಎಸಿಯ ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಇರುತ್ತೆ. ಅದು 1,600 ಗಂಟೆ ಓಡಿಸಿದ ಲೆಕ್ಕ. 800 ಯೂನಿಟ್ ಅಂತಿದ್ದರೆ ಗಂಟೆಗೆ ಅರ್ಧ ಯೂನಿಟ್ ಆಯಿತು. ದೆಹಲಿಯ ಬಿಸಿಲಿಗೆ ಜಾಸ್ತಿಯೇ ಆಗುತ್ತೆ, 0.8 ಅಂತ ಇಟ್ಟುಕೊಳ್ಳೋಣ. ರಾತ್ರಿ 8 ಗಂಟೆಯ ಹಾಗೆ 30 ದಿನಕ್ಕೆ 192 ಯೂನಿಟ್. ಫ್ರಿಜ್, ಫ್ಯಾನ್, ವಾಷಿಂಗ್ ಮಷಿನ್ ಎಲ್ಲ ಸೇರಿ 200 ಅಂದರೂ ಒಟ್ಟು 392, ಗೆರೆಯೊಳಗೇ ಇದ್ದೀರಿ. ಅದೇ ಜಾಗದಲ್ಲಿ ಗಂಟೆಗೆ ಒಂದೂವರೆ ಯೂನಿಟ್ ತಿನ್ನುವ ಹಳೇ ವಿಂಡೋ ಎಸಿ ಇದ್ದರೆ ಅದೊಂದೇ 360. ಒಟ್ಟು 560. ರಿಯಾಯಿತಿ ಹೋಯಿತು, ಜೊತೆಗೆ 400ರ ಮೇಲಿನ ಯೂನಿಟ್‌ಗೆ ದರವೂ ಮೇಲಿನದು. ಅಗ್ಗಕ್ಕೆ ಸಿಕ್ಕಿತು ಅಂತ ಸೆಕೆಂಡ್‌ಹ್ಯಾಂಡ್ ವಿಂಡೋ ಎಸಿ ತರುವವರು ಈ ಲೆಕ್ಕ ಒಮ್ಮೆ ಮಾಡಿ.

ಲೇಬಲ್ಲಿನಲ್ಲಿ ಸ್ಟಾರ್ ಎಷ್ಟು ಅನ್ನುವುದರ ಜೊತೆಗೆ ಯಾವ ವರ್ಷದ್ದು ಅಂತಲೂ ನೋಡಿ. ನಿಯಮ ಆಗಾಗ ಬಿಗಿಯಾಗುತ್ತೆ. 2022ರ ಜುಲೈನಲ್ಲಿ ಬಿಗಿಯಾದಾಗ ಅಲ್ಲಿಯವರೆಗಿನ 5 ಸ್ಟಾರ್ 4 ಸ್ಟಾರ್ ಆಯಿತು. ಗಾತ್ರಕ್ಕೆ ಬಂದರೆ, 100–120 ಚದರ ಅಡಿಯ ಕೋಣೆಗೆ ಒಂದು ಟನ್ ಸಾಕು, 150ರ ಆಸುಪಾಸಿಗೆ ಒಂದೂವರೆ. ಮೇಲೆ ತಾರಸಿ ಇರುವ ಕೊನೆಯ ಮಹಡಿಯಾದರೆ ಒಂದು ಮೆಟ್ಟಿಲು ದೊಡ್ಡದು ತಗೊಳ್ಳಿ. ಎರಡು ಮೂರು ವರ್ಷಕ್ಕೆ ಮತ್ತೆ ವರ್ಗ ಅಂತ ಗೊತ್ತಿರುವವರು ಸೀಸನ್ನಿಗೆ ಬಾಡಿಗೆ ಎಸಿ ತರಿಸುವುದೂ ಕೆಟ್ಟ ಯೋಚನೆ ಅಲ್ಲ.

ರಿಮೋಟ್ ಕೈಗೆ ಬಂದ ಮೇಲೆ

18ಕ್ಕೆ ಇಟ್ಟರೆ ಬೇಗ ತಂಪಾಗುತ್ತೆ ಅನ್ನುವುದು ದೊಡ್ಡ ಭ್ರಮೆ. 18ಕ್ಕಿಟ್ಟರೂ 25ಕ್ಕಿಟ್ಟರೂ ಶುರುವಿನಲ್ಲಿ ಎಸಿ ತನ್ನ ಶಕ್ತಿಯನ್ನೆಲ್ಲ ಹಾಕಿಯೇ ಓಡುತ್ತೆ. 18ಕ್ಕೆ ಇಟ್ಟಾಗ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ. 2020ರಿಂದ ಮಾರುವ ಕೋಣೆ ಎಸಿಗಳು ಆನ್ ಮಾಡಿದಾಗ 24ಕ್ಕೆ ಬಂದು ನಿಲ್ಲಬೇಕು ಅಂತ ನಿಯಮವೇ ಇದೆ. ಒಂದೊಂದು ಡಿಗ್ರಿ ಏರಿಸಿದ್ದಕ್ಕೂ ಸುಮಾರು ನೂರಕ್ಕೆ ಆರು ಪಾಲು ಕರೆಂಟು ಉಳಿಯುತ್ತೆ ಅನ್ನುವುದು ಸ್ಟಾರ್ ಲೇಬಲ್ ಕೊಡುವ ಸರ್ಕಾರಿ ಸಂಸ್ಥೆ ಬಿಇಇ ಲೆಕ್ಕ. ನಾವು ಹೇಳುವುದು 26, ಜೊತೆಗೆ ಸೀಲಿಂಗ್ ಫ್ಯಾನ್ ನಿಧಾನಕ್ಕೆ. ಒಂದು ವಾರ ಹೀಗೆ ಮಲಗಿ ನೋಡಿ, ಆಮೇಲೆ 22 ಚಳಿ ಅನ್ನಿಸುತ್ತೆ. ಕೂಸು ಇರುವ ಮನೆಯಲ್ಲಿ ಗಾಳಿ ನೇರವಾಗಿ ತೊಟ್ಟಿಲಿಗೆ ಬೀಳದ ಹಾಗೆ ರೆಕ್ಕೆ ಮೇಲೆ ಮಾಡಿ. ಜಿಗುಟು ಬೇಸಿಗೆಯಲ್ಲಿ ಮಳೆ ಬಂದು ನಿಂತ ಸಂಜೆ ‘ಡ್ರೈ’ ಬಟನ್ ಒತ್ತಿ ನೋಡಿ. ತೇವ ತೆಗೆದರೆ ಸಾಕು, ಮೈ ಹಗುರಾಗುತ್ತೆ.

ಪಶ್ಚಿಮದ ಕಿಟಕಿಗೆ ಹೊರಗಿನಿಂದ ಬಿದಿರಿನ ಚಿಕ್ (ಸುತ್ತಿಡುವ ತಟ್ಟಿ) ಕಟ್ಟಿಸಿ. ಒಳಗಿನ ಪರದೆಗಿಂತ ಅದು ಎಷ್ಟೋ ಮೇಲು, ಬಿಸಿಲು ಗಾಜಿಗೆ ತಾಕುವ ಮೊದಲೇ ನಿಲ್ಲುತ್ತೆ.

ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಕೋಣೆಯ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಂಪು ಮಾಡುತ್ತೆ. ಊರಿಂದ ನೆಂಟರು ಬಂದು ಆರು ಜನ ಒಂದೇ ಕೋಣೆಯಲ್ಲಿ ಮಲಗಿದರೆ ಬೆಳಿಗ್ಗೆ ತಲೆ ಭಾರ ಆಗುವುದು ಅದಕ್ಕೇ. ಆಗಾಗ ಬಾಗಿಲು ತೆರೆಯಿರಿ. ಎಸಿ ಓಡುವ ಮುಚ್ಚಿದ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆಬತ್ತಿ ಹಚ್ಚಬೇಡಿ. ಅಡುಗೆಮನೆಗೆ ತೆರೆದುಕೊಂಡ ಹಾಲ್‌ನಲ್ಲಿ ಎಸಿ ಇದ್ದರೆ ಒಗ್ಗರಣೆ ಹಾಕುವಾಗ ಅದನ್ನು ಆರಿಸಿ, ಇಲ್ಲದಿದ್ದರೆ ಎಣ್ಣೆ ಜಿಡ್ಡು ಒಳಗಿನ ಕಾಯಿಲಿಗೆ (ಪೈಪಿನ ಸುರುಳಿಗೆ) ಅಂಟಿ ಧೂಳು ಕಚ್ಚಿಕೊಳ್ಳುತ್ತೆ. ಚಳಿಗಾಲದ ಹೊಗೆಗೆ ಎಸಿಯ ಬಲೆ ಯಾವ ಅಡ್ಡಿಯೂ ಅಲ್ಲ, ಅದಕ್ಕೆ ಪ್ಯೂರಿಫೈಯರೇ ಬೇಕು.

ಕರೆಂಟು ಹೋಗಿ ಬಂದ ತಕ್ಷಣ ಎಸಿ ಹಾಕಬೇಡಿ, ಮೂರು ನಿಮಿಷ ಬಿಡಿ. ಎಸಿಯಿಂದ ಹೊಗೆ ಬಂದರೆ ರಿಮೋಟ್ ಹುಡುಕುತ್ತಾ ಕೂರದೆ ಎಂಸಿಬಿ ಇಳಿಸಿ, ನೀರು ಸುರಿಯಬೇಡಿ, ಮಕ್ಕಳನ್ನು ಹೊರಗೆ ಕಳಿಸಿ 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ.

‘ಗ್ಯಾಸ್ ಕಮ್ ಹೈ’

ಫಿಲ್ಟರ್ ಬಲೆ ತೊಳೆಯಲು ಮೆಕ್ಯಾನಿಕ್ ಬೇಡ. ಎಂಸಿಬಿ ಇಳಿಸಿ, ಮುಂದಿನ ಮುಚ್ಚಳ ಎತ್ತಿ, ಎರಡು ಬಲೆ ಜಾರಿಸಿ ತೆಗೆದು ನಲ್ಲಿ ಕೆಳಗೆ ಹಿಡಿಯಿರಿ. ಮೇ ತಿಂಗಳ ಧೂಳುಗಾಳಿ, ಇಲ್ಲಿನವರು ಆಂಧಿ ಅನ್ನುತ್ತಾರೆ, ಅದು ಬಂದು ಹೋದ ಮಾರನೇ ದಿನ ತೊಳೆದರೆ ಕೆಂಪು ಕೆಸರು ಹರಿಯುತ್ತೆ. ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಇದು ಆಗಬೇಕು. ಹೊರಗಿನ ಘಟಕ ತೊಳೆಸಲು ಸೀಸನ್ ಶುರುವಾಗುವ ಮುಂಚೆ, ಮಾರ್ಚ್‌ನಲ್ಲೇ ಜನ ಕರೆಸಿ. ಮೇನಲ್ಲಿ ಕರೆದರೆ ನಾಳೆ, ನಾಡಿದ್ದು ಅನ್ನುತ್ತಲೇ ಇರುತ್ತಾರೆ.

ಬಂದ ಮೆಕ್ಯಾನಿಕ್ ಎರಡು ನಿಮಿಷ ನೋಡಿ ‘ಗ್ಯಾಸ್ ಕಮ್ ಹೈ’ ಅಂದರೆ ತಕ್ಷಣ ಹ್ಞೂಂ ಅನ್ನಬೇಡಿ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಾ ಇರುತ್ತೆ. ಕಮ್ಮಿ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ‘ಲೀಕೇಜ್ ದಿಖಾಯಿಯೇ’ ಅನ್ನಿ, ಇಷ್ಟು ಹಿಂದಿ ಸಾಕು. ಸೋಪಿನ ನೀರು ಹಚ್ಚಿ ಗುಳ್ಳೆ ತೋರಿಸಲಿ, ಆ ಜಾಗ ಮುಚ್ಚಲಿ, ಆಮೇಲೆ ತುಂಬಲಿ. ಈಗಿನ ಹೆಚ್ಚಿನ ಎಸಿಗಳಲ್ಲಿ ಇರುವ ಆರ್‌32 ಗ್ಯಾಸ್ ಸ್ವಲ್ಪ ಮಟ್ಟಿಗೆ ಹತ್ತಿಕೊಳ್ಳುವಂಥದ್ದು. ಬೀಡಿ ಸೇದುತ್ತಾ ಗ್ಯಾಸ್ ತುಂಬುವವನನ್ನು ವಾಪಸ್ ಕಳಿಸಿ.

ನವೆಂಬರ್‌ನಲ್ಲಿ ಎಸಿ ನಿಲ್ಲಿಸಿದ ಮೇಲೆ ಪಾರಿವಾಳಗಳು ಹೊರ ಘಟಕದ ಹಿಂದೆ ಗೂಡು ಕಟ್ಟುತ್ತವೆ. ಮಾರ್ಚ್‌ನಲ್ಲಿ ಆನ್ ಮಾಡುವ ಮುಂಚೆ ಕಡ್ಡಿ, ಪುಕ್ಕ, ಹಿಕ್ಕೆ ಎಲ್ಲ ತೆಗೆಸಿ. ತೆಗೆಯುವವರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲಿ. ಘಟಕಕ್ಕೆ ಕವರ್ ಹೊದಿಸಿದ್ದರೆ ಅದನ್ನು ತೆಗೆದೇ ಎಸಿ ಹಾಕಿ. ಮನೆ ಬದಲಿಸುವಾಗ ಎಸಿ ಬಿಚ್ಚುವ ಮುಂಚೆ ‘ಪಂಪ್ ಡೌನ್’ ಮಾಡಿ ಅಂತ ಹೇಳಬೇಕು. ಆಗ ಗ್ಯಾಸ್ ಪೂರ್ತಿ ಹೊರ ಘಟಕದಲ್ಲೇ ಉಳಿಯುತ್ತೆ, ಹೊಸ ಮನೆಯಲ್ಲಿ ಮತ್ತೆ ತುಂಬಿಸುವ ಖರ್ಚು ತಪ್ಪುತ್ತೆ. ಹಳೇ ಮನೆಯ ಗೋಡೆಯಲ್ಲಿ ಉಳಿಯುವ ಪೈಪಿನ ತೂತನ್ನು ಯಾರು ಮುಚ್ಚಬೇಕು ಅನ್ನುವುದನ್ನು ಕರಾರಿನಲ್ಲೇ ಬರೆಸಿರಿ. ಡೆಪಾಸಿಟ್ ಹಿಡಿಯಲು ಮಾಲೀಕರಿಗೆ ಆ ತೂತೊಂದೇ ಸಾಕು.