ಮೂರೇ ಪ್ರಾಣಿ ಸಾಕು

ನಮ್ಮ ಬಡಾವಣೆಯ ಮನೆಯವರನ್ನೆಲ್ಲ ಮೊದಲ ಸಲ ಮೈಸೂರು ಝೂಗೆ ಕರೆದುಕೊಂಡು ಹೋದಾಗ ನಾನು ಪ್ರತಿ ಪಂಜರದ ಮುಂದೆಯೂ ನಿಂತು ಪಾಠ ಮಾಡಿದೆ. ಜಿರಾಫೆ ದಾಟುವಷ್ಟರಲ್ಲಿ ಮಕ್ಕಳು ಐಸ್‌ಕ್ರೀಮ್ ಕೇಳುತ್ತಿದ್ದರು, ಅಪ್ಪಂದಿರು ಫೋನ್ ಹಿಡಿದಿದ್ದರು. 157 ಎಕರೆ, 1892ರಿಂದ ಇರುವ ಝೂ. ಅಷ್ಟನ್ನೂ ಒಂದೇ ದಿನ ಕಲಿಸಲು ಹೊರಟಿದ್ದೇ ನನ್ನ ತಪ್ಪು.

ಎರಡನೇ ಸಲ ಮೂರೇ ಪ್ರಾಣಿ ಆರಿಸಿಕೊಂಡೆ: ಸಿಂಗಳೀಕ, ಸೀಳುನಾಯಿ, ತೋಳ. ಮಂಗಳವಾರ ರಜೆ, ಅದನ್ನು ನೋಡಿಕೊಂಡು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋದೆವು. ಬಿಸಿಲೇರಿದರೆ ಪ್ರಾಣಿಗಳೂ ಮಲಗುತ್ತವೆ, ಮಕ್ಕಳೂ ಸೊರಗುತ್ತಾರೆ.

ಸಿಂಗಳೀಕದ ಮುಂದೆ ನಾನು ಬಾಯೇ ಬಿಡಲಿಲ್ಲ. 'ಐದು ನಿಮಿಷ ಸುಮ್ನೆ ನೋಡಿ' ಅಂದೆ ಅಷ್ಟೆ. 'ಕೆಳಗೇ ಇಳೀತಿಲ್ಲ ಅಲ್ವಾ?' ಅಂತ ಒಬ್ಬ ಹುಡುಗ ಕೇಳಿದ. ನನಗೆ ಬೇಕಿದ್ದುದೂ ಅದೇ. ಇದು ಮರದ ಮೇಲೇ ಬದುಕುವ ಜೀವ, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲಿಯ ಕಾಡಲ್ಲೂ ಇಲ್ಲ. ರಸ್ತೆಗೋ ತೋಟಕ್ಕೋ ಮರ ಕಡಿದರೆ ಕೊಂಬೆಯಿಂದ ಕೊಂಬೆಗೆ ಹೋಗುವ ದಾರಿ ತುಂಡಾಗುತ್ತದೆ. ಶಿರಸಿ ಕಡೆ ಜನ ಕೊಯ್ಯುವ ಉಪ್ಪಾಗೆ ಹಣ್ಣು ಅದಕ್ಕೂ ಊಟ. 'ಅಳಿವಿನಂಚು' ಅಂದರೆ ಹುಡುಗನ ತಲೆಗೆ ಹತ್ತುತ್ತಿರಲಿಲ್ಲ. 'ದಾರಿ ತುಂಡಾಯ್ತು' ಅಂದಿದ್ದು ಹತ್ತಿತು.

ಸೀಳುನಾಯಿಯನ್ನು ಎಲ್ಲರೂ ಬೀದಿನಾಯಿ ಅಂದುಕೊಂಡರು. ಅವು ಒಂದನ್ನೊಂದು ಶಿಳ್ಳೆ ಹಾಕಿ ಕರೆಯುತ್ತವೆ ಅಂದದ್ದೇ ತಡ, ಮಕ್ಕಳೆಲ್ಲ ಶಿಳ್ಳೆ ಶುರು ಮಾಡಿದರು. ಅವರನ್ನು ಸುಮ್ಮನಾಗಿಸುವುದೇ ದೊಡ್ಡ ಕೆಲಸವಾಯಿತು.

ತೋಳದ ಹತ್ತಿರ ಪಾಠ ನನ್ನ ಕೈತಪ್ಪಿತು. ಗುಂಪಿನಲ್ಲಿ ಪಾಂಡವಪುರ ಕಡೆಯ ಒಬ್ಬ ಅಜ್ಜಿ ಇದ್ದರು. 'ಅಯ್ಯೋ, ಇದು ನಮ್ ಕುರಿಮರಿ ಹೊತ್ಕೊಂಡೋಗಿದ್ದು ಕಣ್ ಮಗಾ' ಅಂತ ಶುರು ಮಾಡಿದರು. ಅವರಪ್ಪ ರಾತ್ರಿಯೆಲ್ಲ ಹಟ್ಟಿ ಕಾಯುತ್ತಿದ್ದುದನ್ನು ಹೇಳಿದರು. ಮೊಮ್ಮಗಳು ಕೇಳಿದಳು, 'ಆಮೇಲೆ ಏನ್ ಮಾಡಿದ್ರಿ ಅಜ್ಜಿ?' ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ವಿಸ ಇಕ್ಕುದ್ರು' ಅಂದರು.

ನಾನು ಎಷ್ಟು ಭಾಷಣ ಮಾಡಿದ್ದರೂ ಆ ಮಾತಿನಷ್ಟು ನಾಟುತ್ತಿರಲಿಲ್ಲ. ಅಜ್ಜಿಯನ್ನು ತಪ್ಪಿತಸ್ಥೆ ಮಾಡುವುದೂ ನನಗೆ ಬೇಕಿರಲಿಲ್ಲ. ಮರಿ ಹೋದರೆ ಬಡವನ ವರ್ಷದ ದುಡಿಮೆಯೇ ಹೋದಂತೆ. ಅದಕ್ಕೇ ಎರಡೇ ಮಾತು ಸೇರಿಸಿದೆ: ಕಾನೂನಿನಲ್ಲಿ ತೋಳಕ್ಕೂ ಈಗ ಹುಲಿಯಷ್ಟೇ ರಕ್ಷಣೆ ಇದೆ. ತೋಳಕ್ಕಾಗಿಯೇ 1974ರಲ್ಲಿ ನಿಮ್ಮ ಮೇಲುಕೋಟೆ ಸುತ್ತಲಿನ ಕಾಡನ್ನು ವನ್ಯಧಾಮ ಮಾಡಿದರು.

'ನಮ್ ಮೇಲ್ಕೋಟೆನಾ?' ಅಜ್ಜಿಗೆ ನಂಬಿಕೆಯೇ ಬರಲಿಲ್ಲ. ವಾಪಸ್ ಬರುವಾಗ ಮೊಮ್ಮಗಳು ಅಲ್ಲಿಗೆ ಯಾವಾಗ ಹೋಗೋಣ ಅಂತ ಪೀಡಿಸುತ್ತಿದ್ದಳು. 'ವೈರಮುಡಿಗೆ ಹೋದಾಗ ನೋಡ್ಕಂಡ್ ಬರಣ ಬಿಡು' ಅಂದರು ಅಜ್ಜಿ. ಆ ಜಾತ್ರೆ ಗದ್ದಲದಲ್ಲಿ ತೋಳ ಎಲ್ಲಿ ಕಂಡೀತು! ಹೇಳಲು ಬಾಯಿ ತೆರೆದವನು ಸುಮ್ಮನಾದೆ.