ವೈಫೈ ಇಲ್ಲದ ಹಳೇ ಪ್ರಿಂಟರ್‌ಗೆ ಟ್ಯಾಬ್‌ನಿಂದ ಪ್ರಿಂಟ್: ನನ್ನ ಅನುಭವ

ಕೊನೆಗೂ ಆಯ್ತು ಕಣ್ರೀ! ಹಾಲ್‌ನಲ್ಲಿ ಕೂತು ಐಪ್ಯಾಡ್‌ನಲ್ಲಿ ಪ್ರಿಂಟ್ ಒತ್ತಿದ್ರೆ ಒಳಗಿನ ರೂಮಲ್ಲಿರೋ ಹನ್ನೆರಡು ವರ್ಷದ ಯುಎಸ್‌ಬಿ ಲೇಸರ್ ಪ್ರಿಂಟರ್ ಪೇಪರ್ ಎಳ್ಕೊಳ್ಳತ್ತೆ. "ಇದಕ್ಕೆ ವೈಫೈ ಇಲ್ಲ ಸಾರ್, ಹೊಸದು ತಗೊಳ್ಳಿ" ಅಂತ ಅಂಗಡಿಯವ್ರು ಹದಿನಾಲ್ಕು ಸಾವಿರ ಹೇಳಿದ್ರು, ನಮ್ಮ ಬಾಮೈದನೂ ಅದನ್ನೇ ಹೇಳ್ತಿದ್ದ.

ನಮ್ಮನೆಯವ್ಳು ಟ್ಯೂಷನ್ ಮಾಡ್ತಾಳೆ, ದಿನಾ ಇಪ್ಪತ್ತು-ಮೂವತ್ತು ಶೀಟ್ ಬೇಕು. ಮುಂಚೆ ಇಂಟರ್ನೆಟ್ ಮೂಲಕ ಪ್ರಿಂಟ್ ಕೊಡೋ ಗೂಗಲ್ ಕ್ಲೌಡ್ ಪ್ರಿಂಟ್‌ನಲ್ಲಿ ನಡೀತಿತ್ತು, 2020ರ ಡಿಸೆಂಬರ್ ಕೊನೆಗೆ ಅದು ನಿಂತುಹೋಯ್ತು. ಆಮೇಲೆ ಯುಎಸ್‌ಬಿ ಪ್ರಿಂಟರನ್ನ ನೆಟ್‌ವರ್ಕ್‌ಗೆ ಸೇರಿಸೋ ಪ್ರಿಂಟ್ ಸರ್ವರ್ ಡಬ್ಬಿ ಒಂದು ತರಿಸ್ದೆ, ಸುಮಾರು 2,600 ಇರ್ಬೇಕು, ಪೂರ್ತಿ ದಂಡ. ನಮ್ಮ ಲೇಸರ್ ಆನ್ ಆದಾಗೆಲ್ಲ ಕಂಪ್ಯೂಟರ್‌ನಿಂದ ಫರ್ಮ್‌ವೇರ್ (ತನ್ನೊಳಗೆ ಓಡೋ ಸಾಫ್ಟ್‌ವೇರ್) ತಗೊಳ್ಳೋ ಜಾತಿ, ಡಬ್ಬಿ ಅದನ್ನ ಎಲ್ಲಿಂದ ಕೊಡುತ್ತೆ? ಒಂದು ಆ್ಯಪ್‌ಗೂ 500 ಚಿಲ್ರೆ ಕಟ್ಟಿ ಕಳ್ಕೊಂಡೆ.

ಆಮೇಲೆ ಡೆಸ್ಕ್‌ಟಾಪ್‌ಗೆ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ಹಾಕ್ದೆ. ಪ್ರಿಂಟಿಂಗ್ ನೋಡ್ಕೊಳ್ಳೋ ಕಪ್ಸ್‌ನಲ್ಲಿ ಶೇರಿಂಗ್ ಟಿಕ್, ಪ್ರಿಂಟರ್ ಇದೆ ಅಂತ ನೆಟ್‌ವರ್ಕ್‌ಗೆ ಸಾರೋ ಅವಾಹಿ ಓಡ್ತಿದೆ, ಲೇಸರ್‌ಗೆ ಫೂ2ಝಡ್‌ಜೆಎಸ್ ಅನ್ನೋ ಡ್ರೈವರ್, ಮನೇಲಿರೋ ಇನ್ನೊಂದು ಪ್ರಿಂಟರ್, ಕಲರ್ ಇಂಕ್‌ಟ್ಯಾಂಕ್, ತಾನಾಗೇ ಸೇರ್ಕೊಳ್ತು. ಆದ್ರೂ ಐಪ್ಯಾಡ್‌ನಲ್ಲಿ ಒಂದು ಪ್ರಿಂಟರೂ ಕಾಣಿಸ್ತಿಲ್ಲ, ನಾಲ್ಕು ರಾತ್ರಿ ಅದಕ್ಕೇ ಹೋಯ್ತು, ಡ್ರೈವರ್ ತೆಗೆದು ಹಾಕಿ, ಹಾಕಿ ತೆಗೆದು ಸಾಕಾಯ್ತು. ನೋಡಿದ್ರೆ ಟ್ಯಾಬ್ ಇದ್ದಿದ್ದು ಗೆಸ್ಟ್ ವೈಫೈಲಿ, ಜೊತೆಗೆ ಯಾವಾಗ್ಲೋ ನಾನೇ ಆನ್ ಮಾಡಿದ್ದ ಫೈರ್‌ವಾಲ್ ಪ್ರಿಂಟ್ ಕಳಿಸೋ 631, ಪ್ರಿಂಟರ್ ಹುಡುಕೋ 5353 ಎರಡೂ ಪೋರ್ಟ್ (ನೆಟ್‌ವರ್ಕ್ ಬಾಗಿಲು) ತಡೆದಿತ್ತು. ಟ್ಯಾಬನ್ನ ಮನೆ ವೈಫೈಗೆ ಹಾಕಿ, ಆ ಪೋರ್ಟ್‌ಗಳನ್ನ ತೆರೆದ ತಕ್ಷಣ ಎರಡೂ ಪ್ರಿಂಟರ್ ಲಿಸ್ಟಲ್ಲಿ ಬಂದ್ವು!

ಮೊದಲ್ನೇ ಶೀಟಲ್ಲಿ ಕೊನೇ ಪ್ರಶ್ನೆಯ ತಲೆಕಟ್ಟು ಮಾತ್ರ ಬಂತು, ಕೆಳಗಿನ ಒತ್ತಕ್ಷರ ಎಲ್ಲಾ ಕತ್ತರಿಸಿಹೋಗಿತ್ತು. ಡಿಫಾಲ್ಟ್ ಪೇಪರ್ ಲೆಟರ್ ಅಂತಿತ್ತು, ಎ4 ಮಾಡಿದ್ಮೇಲೆ ಸರಿಹೋಯ್ತು.

ಮಧ್ಯೆ ಇನ್ನೊಂದು ಪ್ರಯೋಗ. ನುಡಿ ಫಾಂಟಲ್ಲಿ ಟೈಪ್ ಮಾಡಿದ್ದ ಹಳೇ ಪ್ರಶ್ನೆಪತ್ರಿಕೆಗಳನ್ನ ಟ್ಯಾಬ್‌ನಿಂದ ಕೊಟ್ಟು ನೋಡ್ದೆ, ಎಲ್ಲಾ ಸಾಧನದಲ್ಲೂ ಕನ್ನಡ ಕಾಣಿಸೋ ಯೂನಿಕೋಡ್ ಅಲ್ವಲ್ಲ, ಟ್ಯಾಬಲ್ಲಿ ಆ ಫಾಂಟೂ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಬಂತು. ಫಾಂಟ್ ಇರೋ ಕಂಪ್ಯೂಟರಲ್ಲಿ ಪಿಡಿಎಫ್ ಮಾಡ್ಕೊಂಡು ಕೊಟ್ರೆ ಅಚ್ಚುಕಟ್ಟಾಗಿ ಬರುತ್ತೆ. ಹಾಗೆ ಅರವತ್ತು-ಎಪ್ಪತ್ತು ಪತ್ರಿಕೆ ಒಂದೇ ಭಾನುವಾರ ಕೂತು ಬದಲಾಯಿಸಿದೀನಿ.

ಈಗ ಹೊಸದಾಗಿ ಖರ್ಚಾಗಿದ್ದು ಒಂದು ಲ್ಯಾನ್ ಕೇಬಲ್, 150 ರೂಪಾಯಿ. ಕರೆಂಟ್ ಹೋಗಿ ಬಂದ್ರೂ ಲೇಸರ್ ತಾನೇ ಫರ್ಮ್‌ವೇರ್ ತಗೊಂಡು, ಒಂದ್ಸಲ ಗುರ್ ಅಂತ ತಿರುಗಿ ಹಸಿರು ಲೈಟ್ ತೋರಿಸತ್ತೆ. ಕಂಪ್ಯೂಟರ್ ಮಲಗಿದ್ರೆ ಟ್ಯಾಬ್‌ನಿಂದಲೇ ಎಬ್ಬಿಸ್ತೀನಿ, ಅದಕ್ಕೆ ಬರ್ಕೊಂಡ ಸ್ಕ್ರಿಪ್ಟ್ ಮಾತ್ರ ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ. ಹೋದ ವಾರ ಬಾಮೈದ ಬಂದವನು ತನ್ನ ಫೋನಿಂದ ಬಸ್ ಟಿಕೆಟ್ ಪ್ರಿಂಟ್ ತಗೊಂಡು ಹೋದ.