ತೊಗರಿ ಬೇಳೆ, ಬಿದ್ರಿ ಹೂದಾನಿ ಗೂಗಲ್ ಶಾಪಿಂಗ್‌ನಲ್ಲಿ ಕಾಣಬೇಕೇ? ಪಟ್ಟಿ ಹೀಗೆ ತಯಾರಿಸಿ

ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಒಬ್ಬರು ಗೂಗಲ್‌ನಲ್ಲಿ ‘ಗುಲ್ಬರ್ಗ ತೊಗರಿ ಬೇಳೆ 5 ಕೆಜಿ’ ಎಂದು ಹುಡುಕುತ್ತಾರೆ. ಫೋಟೊ, ಬೆಲೆ, ಅಂಗಡಿ ಹೆಸರು ಸಾಲಾಗಿ ಬರುತ್ತವೆ. ನಿಮಗೂ ಒಂದು ವೆಬ್‌ಸೈಟ್ ಇದೆ, ಕಲಬುರಗಿಯ ಕಪನೂರಿನ ದಾಲ್ ಮಿಲ್‌ನಿಂದ ನೇರವಾಗಿ ತಂದ ಬೇಳೆಯೂ ಇದೆ. ಆದರೂ ಆ ಸಾಲಿನಲ್ಲಿ ನೀವಿಲ್ಲ. ಯಾಕೆಂದರೆ ಆ ಸಾಲು ಹೆಚ್ಚಾಗಿ ತುಂಬುವುದು ಅಂಗಡಿಯವರೇ ಬರೆದುಕೊಟ್ಟ ಪಟ್ಟಿಯಿಂದ. ಅದಕ್ಕೆ ಪ್ರಾಡಕ್ಟ್ ಫೀಡ್ ಅನ್ನುತ್ತಾರೆ. ಒಂದು ಸಾಲಿಗೆ ಒಂದು ಸಾಮಾನು, ಒಂದು ಕಾಲಮ್‌ಗೆ ಒಂದು ವಿವರ, ಅಷ್ಟೇ. ಅದನ್ನು ಕೊಡುವ ಜಾಗ ಗೂಗಲ್ ಮರ್ಚೆಂಟ್ ಸೆಂಟರ್.

ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಜಾಹೀರಾತು ಹಾಕದೆಯೂ ಸಾಮಾನು ತೋರಿಸಬಹುದು. ಅದಕ್ಕೆ ಫ್ರೀ ಲಿಸ್ಟಿಂಗ್ ಎಂದು ಹೆಸರು. ‘ಗೂಗಲ್‌ನಲ್ಲಿ ಹಾಕಿಸಿಕೊಡ್ತೀವಿ, ಇಷ್ಟು ಕಳಿಸಿ’ ಎಂದು ಯಾರಾದರೂ ಫೋನ್ ಮಾಡಿದರೆ ಇದು ನೆನಪಿರಲಿ. ಕೆಲಸವೂ ಕಂಪ್ಯೂಟರ್ ಗೊತ್ತಿದ್ದವರಿಗಿಂತ ಅಂಗಡಿಯ ಲೆಕ್ಕ ಬರೆಯುವವರಿಗೇ ಚೆನ್ನಾಗಿ ಒಗ್ಗುತ್ತದೆ. ಪಟ್ಟಿಯಲ್ಲಿ ಏನಿದೆಯೋ ಸೈಟಿನ ಪುಟದಲ್ಲೂ ಅದೇ ಇರಬೇಕು. ಅರ್ಜಿಗಳು ಎಡವುವುದು ಜಾಸ್ತಿ ಇಲ್ಲೇ.

ಮೊದಲು ಸೈಟ್ ಸರಿ ಇದೆಯಾ ನೋಡಿ

ಬರೀ ಇನ್‌ಸ್ಟಾಗ್ರಾಂ ಪೇಜು, ವಾಟ್ಸ್‌ಆ್ಯಪ್ ನಂಬರು ಇದ್ದರೆ ಸದ್ಯಕ್ಕೆ ಇದರ ಗೋಜಿಗೆ ಹೋಗಬೇಡಿ. ಗ್ರಾಹಕರು ನಿಮ್ಮ ಸೈಟಿನಲ್ಲೇ ಸಾಮಾನು ಆರಿಸಿ, ಅಲ್ಲೇ ಆರ್ಡರ್ ಮುಗಿಸುವಂತಿರಬೇಕು. ವಿಳಾಸ ‘ಎಚ್‌ಟಿಟಿಪಿಎಸ್’ ಎಂದು ಶುರುವಾಗುವ ಸುರಕ್ಷಿತ ಪುಟ ಬೇಕು. ಅಂಗಡಿಯ ವಿಳಾಸ, ಫೋನ್ ಅಥವಾ ಇಮೇಲ್, ವಾಪಸಾತಿ ನಿಯಮ ಇವು ಹುಡುಕದೆ ಸಿಗಬೇಕು. ಬೇಳೆ, ಖಡಕ್ ರೊಟ್ಟಿಯಂಥ ತಿನಿಸು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದಾದರೆ ಅದನ್ನೇ ನೇರವಾಗಿ ಬರೆಯಿರಿ. ಪ್ಯಾಕೆಟ್ ಒಡೆದು ಬಂದರೆ ಏನು ಮಾಡುತ್ತೀರಿ ಎಂಬುದನ್ನೂ ಸೇರಿಸಿ. ಆಹಾರ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಹೇಗೂ ಕಡ್ಡಾಯ. ಆ ನಂಬರನ್ನು ಪುಟದಲ್ಲಿ ಹಾಕಿದರೆ ನಂಬಿಕೆ ಹೆಚ್ಚು.

ಆಮೇಲೆ ಮರ್ಚೆಂಟ್ ಸೆಂಟರ್‌ನಲ್ಲಿ ಖಾತೆ ತೆರೆಯಿರಿ. ಸೈಟ್ ನಿಮ್ಮದೇ ಎಂದು ತೋರಿಸಬೇಕಾಗುತ್ತದೆ. ಗೂಗಲ್ ಕೊಡುವ ಒಂದು ಸಣ್ಣ ಫೈಲನ್ನು ಸೈಟಿಗೆ ಏರಿಸಬೇಕು, ಇಲ್ಲವೇ ಒಂದು ಸಾಲು ಕೋಡನ್ನು ಮುಖಪುಟದಲ್ಲಿ ಅಂಟಿಸಬೇಕು. ಸೈಟ್ ಮಾಡಿಕೊಟ್ಟವರಿಗೆ ಹೇಳಿದರೆ ಐದು ನಿಮಿಷದ ಕೆಲಸ. ಆನ್‌ಲೈನ್ ಅಂಗಡಿ ಕಟ್ಟಿಕೊಡುವ ಶಾಪಿಫೈ, ವೂಕಾಮರ್ಸ್ ಬಳಸುವವರಿಗೆ ಇದನ್ನೆಲ್ಲ ತಾನೇ ಜೋಡಿಸುವ ಆ್ಯಪ್ ಸಿಗುತ್ತದೆ. ಹಾಗೆ ಜೋಡಿಸಿದರೂ ಮುಂದಿನ ಭಾಗ ಬಿಡಬೇಡಿ. ಆ್ಯಪ್ ಕಳಿಸುವುದು ನೀವು ತುಂಬಿದ ವಿವರವನ್ನೇ.

ಪಟ್ಟಿ ಬರೆಯುವುದು

ಗೂಗಲ್ ಶೀಟ್ಸ್ ಬಳಸಿ. ಮರ್ಚೆಂಟ್ ಸೆಂಟರ್ ಕಾಲಮ್‌ಗಳಿರುವ ಸಿದ್ಧ ಶೀಟನ್ನೇ ಕೊಡುತ್ತದೆ. ಎಕ್ಸೆಲ್ ಫೈಲಿನಿಂದ ಮಾಡಿದ ಟೆಕ್ಸ್ಟ್ ಫೈಲ್, ಎಕ್ಸ್‌ಎಂಎಲ್ ಕೂಡ ನಡೆಯುತ್ತದೆ. ಆದರೆ ಎಕ್ಸೆಲ್‌ಗೆ ಒಂದು ಕೆಟ್ಟ ಚಾಳಿ ಇದೆ. 890ರಿಂದ ಶುರುವಾಗುವ 13 ಅಂಕಿಯ ಬಾರ್‌ಕೋಡ್ ನಂಬರನ್ನು ಅದು ‘8.9ಇ+12’ ಥರ ಮಾಡಿಬಿಡುತ್ತದೆ. ಆ ಕಾಲಮನ್ನು ಮೊದಲೇ ಟೆಕ್ಸ್ಟ್ ಎಂದು ಗುರುತು ಮಾಡಿಟ್ಟರೆ ಪಾರಾಗಬಹುದು. ಇನ್ನೊಂದು ಮಾತು: ಇಲ್ಲಿ ಕನ್ನಡದಲ್ಲಿ ಕೊಟ್ಟಿರುವ ಕಾಲಮ್ ಹೆಸರುಗಳನ್ನೂ ಸ್ಟಾಕ್, ಸ್ಥಿತಿಯಂಥ ನಿಗದಿತ ಪದಗಳನ್ನೂ ಶೀಟಿನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.

ಮೊದಲ ಕಾಲಮ್ ಐಡಿ. 50 ಅಕ್ಷರದೊಳಗೆ ಒಂದು ಗುರುತು. 500 ಗ್ರಾಂ, 1 ಕೆಜಿ, 5 ಕೆಜಿ ಬೇಳೆಗೆ ಬೇರೆ ಬೇರೆ ಸಾಲು, ಬೇರೆ ಬೇರೆ ಐಡಿ. ಒಮ್ಮೆ ಕೊಟ್ಟ ಐಡಿಯನ್ನು ಬದಲಿಸಬೇಡಿ, ಹಳೆಯದನ್ನು ಹೊಸ ಸಾಮಾನಿಗೆ ಹಾಕಲೂಬೇಡಿ. ಬದಲಿಸಿದರೆ ಗೂಗಲ್ ಅದನ್ನು ಹೊಚ್ಚ ಹೊಸ ಸಾಮಾನು ಎಂದುಕೊಂಡು ಮೊದಲಿನಿಂದ ಶುರು ಮಾಡುತ್ತದೆ.

ಟೈಟಲ್‌ಗೆ ಸಮಯ ಕೊಡಿ. ಮಿತಿ 150 ಅಕ್ಷರ, ಆದರೆ ಫೋನಿನಲ್ಲಿ ಕಾಣುವುದು ಮೊದಲಿನ ಕೆಲವು ಪದ ಮಾತ್ರ. ಹಾಗಾಗಿ ಮುಖ್ಯವಾದದ್ದು ಮುಂದೆ ಬರಲಿ. ‘ಶ್ರೇಷ್ಠ ಗುಣಮಟ್ಟದ ಅಪ್ಪಟ ಬೇಳೆ ಫ್ರೀ ಡೆಲಿವರಿ’ ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಫ್ರೀ ಡೆಲಿವರಿಯಂಥ ಪ್ರಚಾರದ ಮಾತನ್ನು ಟೈಟಲ್‌ನಲ್ಲಿ ಗೂಗಲ್ ಒಪ್ಪುವುದೂ ಇಲ್ಲ. ‘ಕಲಬುರಗಿ ತೊಗರಿ ಬೇಳೆ, ಪಾಲಿಶ್ ಇಲ್ಲದ್ದು, 1 ಕೆಜಿ’ ಎಂದರೆ ಸಾಕು. ಊರಿನ ಹೆಸರು 2014ರಲ್ಲಿ ಬದಲಾದರೂ ಹೊರಗಿನವರು ಇನ್ನೂ ಗುಲ್ಬರ್ಗ ಎಂದೇ ಹುಡುಕುವುದುಂಟು, ಅಲ್ವಾ? ಅದನ್ನು ಡಿಸ್ಕ್ರಿಪ್ಷನ್‌ನಲ್ಲಿ ಒಂದು ಕಡೆ ತನ್ನಿ. ಅಲ್ಲಿ 5,000 ಅಕ್ಷರದವರೆಗೆ ಜಾಗವಿದೆ, ಅಷ್ಟನ್ನೂ ತುಂಬಬೇಕೆಂದಿಲ್ಲ. ಪಟ್ಟಿಯ ಭಾಷೆ ಪುಟದ ಭಾಷೆಯೇ ಆಗಿರಬೇಕು. ಪುಟ ಇಂಗ್ಲಿಷ್‌ನಲ್ಲಿದ್ದರೆ ಪಟ್ಟಿಯೂ ಇಂಗ್ಲಿಷ್.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಹಾಗೆಂದು ಎಲ್ಲರೂ ಪ್ಯಾಕೆಟ್ ಮೇಲೆ, ಫೋಟೊ ಮೇಲೆ ಜಿಐ ಲಾಂಛನ ಹಾಕುವಂತಿಲ್ಲ. ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡವರಿಗೆ ಮಾತ್ರ ಆ ಹಕ್ಕು. ಬೇರೆ ಜಿಲ್ಲೆಯ, ಹೊರದೇಶದ ಬೇಳೆ ಬೆರೆಸಿ ಮಾರುವವರು ಊರಿನ ಹೆಸರನ್ನೇ ಟೈಟಲ್‌ಗೆ ತರಬಾರದು.

ಬೀದರಿನ ಬಿದ್ರಿ ಸಾಮಾನಿನವರು ಇನ್ನೊಂದು ವಿಷಯದಲ್ಲಿ ಹುಷಾರಾಗಿರಬೇಕು. ‘ಬೆಳ್ಳಿ ಹೂದಾನಿ’ ಎಂದು ಬರೆದುಬಿಡುವುದು ಸುಲಭ. ಆದರೆ ಹೂದಾನಿ ಬೆಳ್ಳಿಯದಲ್ಲ. ಸತು ಹೆಚ್ಚು, ತಾಮ್ರ ಕಡಿಮೆ ಸೇರಿಸಿದ ಲೋಹದ ಮೇಲೆ ಬೆಳ್ಳಿ ಕೂರಿಸಿದ್ದು. ಕಪ್ಪು ಬಣ್ಣ ಬರುವುದು ಕೋಟೆಯ ಮಣ್ಣಿನಿಂದ. ಇದನ್ನು ಹಾಗೇ ಬರೆಯಿರಿ. ಮೆಟೀರಿಯಲ್ ಎಂಬ ಕಾಲಮ್ ಇರುವುದೇ ಇದಕ್ಕೆ. ಬೆಳ್ಳಿ ಎಂದು ನಂಬಿ ಕೊಂಡವರು ವಾಪಸ್ ಕಳಿಸುತ್ತಾರೆ. ಸರಿಯಾಗಿ ಬರೆದರೆ ಕೊಳ್ಳುವವರು ಈ ಕೆಲಸವನ್ನು ಮೆಚ್ಚಿಯೇ ಕೊಳ್ಳುತ್ತಾರೆ.

ಬೆಲೆಯ ಕಾಲಮ್‌ನಲ್ಲಿ ರೂಪಾಯಿ ಚಿಹ್ನೆ ಬೇಡ, ಸಾವಿರದ ಅಲ್ಪವಿರಾಮವೂ ಬೇಡ. 1450.00 ಎಂದು ಬರೆದು ಒಂದು ಜಾಗ ಬಿಟ್ಟು ಐಎನ್‌ಆರ್ ಎಂದು ಸೇರಿಸಿ. ಗ್ರಾಹಕರಿಗೆ ಪುಟದಲ್ಲಿ ಎಷ್ಟು ಕಾಣುತ್ತದೋ, ಕೊನೆಗೆ ಹಣ ಕಟ್ಟುವಾಗ ಎಷ್ಟು ಬರುತ್ತದೋ, ಇಲ್ಲೂ ಅಷ್ಟೇ ಇರಲಿ. ರಿಯಾಯಿತಿ ಇದ್ದರೆ ಸೇಲ್ ಪ್ರೈಸ್‌ಗೆ ಬೇರೆ ಕಾಲಮ್ ಇದೆ. ಸುಮ್ನೆ ಮೂಲ ಬೆಲೆ ಏರಿಸಿ ಇಳಿಸಿದಂತೆ ತೋರಿಸುವ ಆಟ ಇಲ್ಲಿ ಬೇಡ. ಖಾತೆಯೇ ಬಂದ್ ಆಗಬಹುದು.

ಸ್ಟಾಕ್ ಇದೆಯೋ ಇಲ್ಲವೋ ಎಂದು ಹೇಳುವ ಅವೈಲಬಿಲಿಟಿ ಕಾಲಮ್‌ಗೆ ‘ಇನ್’, ‘ಸ್ಟಾಕ್’ ಎಂಬ ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಬೇಕು. ಇಲ್ಲದಿದ್ದರೆ ‘ಔಟ್ ಆಫ್ ಸ್ಟಾಕ್’, ಅದೇ ರೀತಿ. ಕಂಡೀಶನ್‌ಗೆ ‘ನ್ಯೂ’. ಬ್ರ್ಯಾಂಡ್‌ಗೆ ನಿಮ್ಮದೇ ಹೆಸರು. ಪ್ಯಾಕೆಟ್ ಮೇಲೆ ಬಾರ್‌ಕೋಡ್ ಇದ್ದರೆ ಆ ನಂಬರನ್ನು ಜಿಟಿಐಎನ್ ಕಾಲಮ್‌ಗೆ ಹಾಕಿ. ಕೈಯಿಂದ ಮಾಡಿದ ಬಿದ್ರಿ ಡಬ್ಬಿಗೆ ಅದು ಇರುವುದಿಲ್ಲ. ಆಗ ಕಾಲಮ್ ಖಾಲಿ ಬಿಡಿ, ‘ಐಡೆಂಟಿಫೈಯರ್ ಎಕ್ಸಿಸ್ಟ್ಸ್’ ಎಂಬಲ್ಲಿ ‘ನೋ’ ಎನ್ನಿ. ಎಲ್ಲಿಂದಲೋ ಒಂದು ನಂಬರು ತಂದು ತುಂಬಿದರೆ ನಿಮ್ಮ ಹೂದಾನಿ ಇನ್ಯಾರದೋ ಸೋಪಿನ ಜೊತೆ ಸೇರಿಕೊಳ್ಳುತ್ತದೆ.

ಫೋಟೊ

ನಮ್ಮ ಕಡೆ ಫೋಟೊ ಮೇಲೆ ಅಂಗಡಿ ಹೆಸರು, ಮೊಬೈಲ್ ನಂಬರು, ‘ದೀಪಾವಳಿ ಆಫರ್’ ಅಚ್ಚು ಹಾಕುವ ಅಭ್ಯಾಸ ಜಾಸ್ತಿ. ಗೂಗಲ್‌ಗೆ ಅದು ಆಗಿಬರುವುದಿಲ್ಲ. ಸಾಮಾನು ಮಾತ್ರ ಕಾಣಬೇಕು, ಚೌಕಟ್ಟಿನ ಮುಕ್ಕಾಲು ಭಾಗದಷ್ಟು ಅದೇ ತುಂಬಿರಬೇಕು. ಎರಡೂ ಕಡೆ 800 ಪಿಕ್ಸೆಲ್‌ಗಿಂತ ದೊಡ್ಡದಾದರೆ ಒಳ್ಳೆಯದು. ವಾಟ್ಸ್‌ಆ್ಯಪ್‌ನಲ್ಲಿ ಹಾದುಬಂದ ಫೋಟೊ ಕುಗ್ಗಿರುತ್ತದೆ, ಕ್ಯಾಮೆರಾದ ಮೂಲವನ್ನೇ ಬಳಸಿ. ಬಿದ್ರಿಯ ಕಪ್ಪು ಮೈ ಮೇಲೆ ನಿಮ್ಮ ಮುಖವೇ ಮೂಡಬಹುದು. ನೇರ ಬಿಸಿಲು, ಫ್ಲ್ಯಾಶ್ ಬಿಟ್ಟು ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ ತೆಗೆದರೆ ಬೆಳ್ಳಿಯ ಗೆರೆ ಸ್ಪಷ್ಟವಾಗಿ ಬರುತ್ತದೆ. ಗೂಗಲ್ ಡ್ರೈವ್‌ನಲ್ಲಿ ಹಂಚಿದ ಲಿಂಕ್ ಇಲ್ಲಿ ನಡೆಯುವುದಿಲ್ಲ. ನಿಮ್ಮ ಸೈಟಿನಲ್ಲಿರುವ ಚಿತ್ರದ ನೇರ ವಿಳಾಸ ಬೇಕು.

ಪುಟದೊಳಗೂ ಅದೇ ವಿವರ

ಸೈಟಿನ ಪ್ರತಿ ಸಾಮಾನಿನ ಪುಟದಲ್ಲಿ ಯಂತ್ರಕ್ಕಾಗಿ ಬರೆದ ಒಂದು ಸಣ್ಣ ಕೋಡ್ ತುಂಡು ಇದ್ದರೆ ಕೆಲಸ ಹಗುರ. ಹೆಸರು, ಬೆಲೆ, ಕರೆನ್ಸಿ, ಸ್ಟಾಕ್ ಅದರೊಳಗೆ ಕೂರುತ್ತವೆ. ಗೂಗಲ್, ಬಿಂಗ್, ಯಾಹೂ ಸೇರಿ 2011ರಲ್ಲಿ ಶುರು ಮಾಡಿದ ಸ್ಕೀಮಾ ಡಾಟ್ ಆರ್ಗ್ ಎಂಬ ಪದ್ಧತಿ ಇದು. ಜೆಸನ್ ಎಲ್‌ಡಿ ರೂಪದಲ್ಲಿ ಬರೆಯಿರಿ ಎಂದರೆ ಸೈಟ್ ಮಾಡುವವರಿಗೆ ಅರ್ಥವಾಗುತ್ತದೆ. ಹಾಕಿದ ಮೇಲೆ ಗೂಗಲ್‌ನ ರಿಚ್ ರಿಸಲ್ಟ್ಸ್ ಟೆಸ್ಟ್‌ನಲ್ಲಿ ಪುಟದ ವಿಳಾಸ ಕೊಟ್ಟು ನೋಡಿ. ಬೆಲೆ ಸರಿಯಾಗಿ ಓದಿದ್ದರೆ ಆಯಿತು.

ಕೊಡುವುದು, ಕಾಯುವುದು

ಡೇಟಾ ಸೋರ್ಸಸ್ ಎಂಬಲ್ಲಿ ಶೀಟನ್ನು ಜೋಡಿಸಿ. ಡೆಲಿವರಿ ಶುಲ್ಕ, ಎಷ್ಟು ದಿನದಲ್ಲಿ ತಲುಪುತ್ತದೆ ಎಂಬುದನ್ನು ಶಿಪ್ಪಿಂಗ್ ಭಾಗದಲ್ಲಿ ತುಂಬಿ. ಔರಾದ್‌ನಿಂದ ಚೆನ್ನೈಗೆ ಎರಡೇ ದಿನ ಎಂದು ಆಸೆ ತೋರಿಸಬೇಡಿ. ಮೊದಲ ಪರಿಶೀಲನೆಗೆ ಸಾಮಾನ್ಯವಾಗಿ 3ರಿಂದ 5 ಕೆಲಸದ ದಿನ. ಇಡೀ ಅಂಗಡಿಯನ್ನು ಒಂದೇ ಸಲ ಏರಿಸುವುದಕ್ಕಿಂತ ಹತ್ತು ಸಾಮಾನಿನಿಂದ ಶುರು ಮಾಡುವುದೇ ವಾಸಿ. ತಪ್ಪು ಬಂದರೆ ಹತ್ತು ಕಡೆ ತಿದ್ದಿದರೆ ಮುಗಿಯುತ್ತದೆ.

ತಿರಸ್ಕಾರವಾದ ಸಾಮಾನಿನ ಎದುರು ಕಾರಣ ಬರೆದಿರುತ್ತದೆ. ಬೆಲೆ ಹೊಂದುತ್ತಿಲ್ಲ, ಚಿತ್ರದ ಮೇಲೆ ಬರಹ ಇದೆ, ಪುಟ ತೆರೆಯುತ್ತಿಲ್ಲ, ಹೀಗೆ. ಅಂಥದ್ದನ್ನು ತಿದ್ದುವುದು ಸುಲಭ. ‘ಮಿಸ್‌ರೆಪ್ರೆಸೆಂಟೇಶನ್’, ಅಂದರೆ ದಾರಿತಪ್ಪಿಸುವ ಮಾಹಿತಿ ಎಂದು ಇಡೀ ಖಾತೆ ನಿಂತರೆ ಮಾತ್ರ ಅವಸರ ಮಾಡಬೇಡಿ. ವಿಳಾಸ, ವಾಪಸಾತಿ ನಿಯಮ, ರಿಯಾಯಿತಿಯ ಮಾತು ಎಲ್ಲವನ್ನೂ ಸರಿಪಡಿಸಿ, ಆಮೇಲಷ್ಟೇ ಮರುಪರಿಶೀಲನೆ ಕೇಳಿ.

ಪಟ್ಟಿಯನ್ನು ಮತ್ತೆ ಕಳಿಸದಿದ್ದರೆ 30 ದಿನಕ್ಕೆ ಸಾಮಾನು ತಾನಾಗಿ ಮರೆಯಾಗುತ್ತದೆ. ಹಾಗಾಗಿ ದಿನಕ್ಕೊಮ್ಮೆ ತಾನೇ ಓದಿಕೊಳ್ಳುವಂತೆ ವೇಳೆ ಗೊತ್ತು ಮಾಡಿಡಿ. ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಎಪಿಎಂಸಿಗೆ ಬಂದು ಧಾರಣೆ ಏರಿಳಿಯುವಾಗ ಇದು ಇನ್ನೂ ಮುಖ್ಯ. ಆಗ ಮೊದಲು ಸೈಟಿನ ಪುಟದಲ್ಲಿ ಬೆಲೆ ಬದಲಿಸಿ, ಕೂಡಲೇ ಶೀಟಿನಲ್ಲೂ ಬದಲಿಸಿ. ನಡುವೆ ಕೆಲವು ಗಂಟೆ ವ್ಯತ್ಯಾಸ ಉಳಿದರೂ ಆಟೋಮ್ಯಾಟಿಕ್ ಅಪ್‌ಡೇಟ್ಸ್ ಎಂಬ ಸೌಲಭ್ಯ ಚಾಲೂ ಇದ್ದರೆ, ಗೂಗಲ್ ಪುಟದ ಆ ಕೋಡ್ ತುಂಡನ್ನು ಓದಿ ಬೆಲೆ ಮತ್ತು ಸ್ಟಾಕನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಕೋಡ್‌ನಲ್ಲೇ ಹಳೆಯ ಬೆಲೆ ಉಳಿದಿದ್ದರೆ ಅದು ಹಳೆಯದನ್ನೇ ತೋರಿಸುತ್ತದೆ. ಆದ್ದರಿಂದ ಬೆಲೆ ಬದಲಿಸಿದ ದಿನ ಒಂದು ಪುಟವನ್ನಾದರೂ ಮತ್ತೆ ರಿಚ್ ರಿಸಲ್ಟ್ಸ್ ಟೆಸ್ಟ್‌ಗೆ ಹಾಕಿ ನೋಡಿ.